ಬ್ಲೇಡ್ ಪ್ಯಾಕೆಟ್ ಮೇಲಿದ್ದ ಮೀಸೆಯವನು

ಹಾಸ್ಟೆಲ್‌ನ ಯಾವ ರೂಮಿಗೆ ಹೋದರೂ ಒಂದು ರೇಜರ್ ಅಂತೂ ಸಿಕ್ಕೇ ಸಿಗುತ್ತೆ. ಒಬ್ಬ ಎರಡು ಬ್ಲೇಡಿಂದೇ ಬೇಕು ಅಂತಾನೆ, ಇನ್ನೊಬ್ಬನಿಗೆ ಮೂರು ಬ್ಲೇಡ್. ಮತ್ತೊಬ್ಬ ಅಪ್ಪ ಕೊಟ್ಟ ಹಳೇ ಸ್ಟೀಲ್ ರೇಜರ್‌ಗೆ ಬಿಡಿ ಬ್ಲೇಡ್ ಹಾಕ್ಕೊಂಡು ಇದರ ಮುಂದೆ ಯಾವುದೂ ಇಲ್ಲ ಅಂತ ವಾದ ಮಾಡ್ತಾನೆ. ಊರಿನ ಕಟಿಂಗ್ ಶಾಪ್‌ಗೆ ಹೋದ್ರೆ ಅಲ್ಲಿ ಹೊಸ ಬ್ಲೇಡನ್ನು ಕವರ್ ಸಮೇತ ಮಧ್ಯಕ್ಕೆ ಮುರಿದು, ಅರ್ಧವನ್ನು ಕತ್ತಿಯ ಹಿಡಿಗೆ ಸಿಕ್ಕಿಸುತ್ತಾರೆ. ಈ ಎಲ್ಲದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಅವನ ಹೆಸರು ನಮಗೆಲ್ಲ ಗೊತ್ತು, ಆದ್ರೆ ಕಂಪನಿ ಹೆಸರಾಗಿ ಮಾತ್ರ. ಅವನೇ ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಅನ್ನೋದು ಬಿರುದಲ್ಲ, ಅಪ್ಪ ಅಮ್ಮ ಇಟ್ಟ ಹೆಸರು.

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲಾಕ್ ಎಂಬ ಊರಿನಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. ಮನೆಯೇ ಒಂದು ಥರ ವರ್ಕ್‌ಶಾಪ್. ಅಪ್ಪನಿಗೆ ಏನಾದ್ರೂ ಹೊಸದು ಮಾಡಿ ನೋಡೋ ಹುಚ್ಚು. ತಾಯಿ ಫ್ಯಾನಿ ಜಿಲೆಟ್‌ಗೆ ಅಡುಗೆಯಲ್ಲಿ ಪ್ರಯೋಗ ಮಾಡೋ ಹುಚ್ಚು. ಆಕೆ ಬರೆದ ವೈಟ್ ಹೌಸ್ ಕುಕ್ ಬುಕ್ 1887ರಲ್ಲಿ ಬಂದು ಎಷ್ಟೋ ವರ್ಷ ಅಮೆರಿಕದ ಮನೆಗಳಲ್ಲಿ ಓಡಿತು. ಅಂದ್ರೆ ಆ ಮನೆಯಲ್ಲಿ ಮೊದಲು ಹೆಸರು ಮಾಡಿದ್ದು ಮಗ ಅಲ್ಲ, ಅಮ್ಮ.

1871ರಲ್ಲಿ ಶಿಕಾಗೋ ನಗರಕ್ಕೆ ದೊಡ್ಡ ಬೆಂಕಿ ಬಿತ್ತು. ಜಿಲೆಟ್ ಕುಟುಂಬದ ಹಾರ್ಡ್‌ವೇರ್ ವ್ಯಾಪಾರ ಸುಟ್ಟು ಹೋಯಿತು. ಆಗ ಹುಡುಗನಿಗೆ 16 ವರ್ಷ. ಕಾಲೇಜು, ಡಿಗ್ರಿ ಅನ್ನೋ ಮಾತೇ ಇಲ್ಲ. ಊರೂರು ಸುತ್ತಿ ಸಾಮಾನು ಮಾರುವ ಸೇಲ್ಸ್‌ಮ್ಯಾನ್ ಆದ. ಮುಂದಿನ ಸುಮಾರು ಮೂವತ್ತು ವರ್ಷ ಅವನ ಹೊಟ್ಟೆಪಾಡು ಇದೇ. ಮಾರೋ ಸಾಮಾನಲ್ಲೇ ಏನಾದ್ರೂ ಸುಧಾರಣೆ ಮಾಡಿ ಕೆಲವು ಪೇಟೆಂಟ್ ಕೂಡ ತಗೊಂಡ. ಆದರೆ ಯಾವುದರಿಂದಲೂ ದೊಡ್ಡ ದುಡ್ಡು ಬರಲಿಲ್ಲ.

1890ರ ದಶಕದಲ್ಲಿ ಅವನಿಗೆ ವಿಲಿಯಂ ಪೇಂಟರ್ ಎಂಬುವರ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪೇಂಟರ್ ಯಾರು ಗೊತ್ತಾ? ಸೋಡಾ, ಬಿಯರ್ ಬಾಟಲಿ ಮೇಲೆ ಅಂಚು ಮಡಚಿದ ತಗಡಿನ ಮುಚ್ಚಳ ಇರುತ್ತಲ್ಲ, ಓಪನರ್ ಹಾಕಿ ತೆಗೀತೀವಲ್ಲ, ಅದಕ್ಕೆ 1892ರಲ್ಲಿ ಪೇಟೆಂಟ್ ಪಡೆದವರು. ಆ ಮುಚ್ಚಳ ಒಂದು ಸಲ ತೆಗೆದರೆ ಮುಗೀತು, ಬಿಸಾಕಬೇಕು. ಮುಂದಿನ ಬಾಟಲಿಗೆ ಹೊಸ ಮುಚ್ಚಳ. ಕಂಪನಿಗೆ ಇದೇ ಲಾಭ. ಜನ ಬಳಸಿ ಬಿಸಾಕಿ ಮತ್ತೆ ಕೊಳ್ಳೋಕೆ ಬರುವಂಥದ್ದು ಏನಾದ್ರೂ ಕಂಡುಹಿಡಿ ಅಂತ ಪೇಂಟರ್ ಅವನಿಗೆ ಸಲಹೆ ಕೊಟ್ಟರಂತೆ. ಈ ಮಾತು ಜಿಲೆಟ್‌ನ ತಲೆಯಲ್ಲಿ ಕೂತುಬಿಟ್ಟಿತು.

ಇಲ್ಲಿ ಕಥೆಗೆ ಒಂದು ತಿರುವು ಇದೆ. ಬಿಸಾಕೋ ವಸ್ತು ಹುಡುಕುತ್ತಿದ್ದ ಇದೇ ಮನುಷ್ಯ 1894ರಲ್ಲಿ ದ ಹ್ಯೂಮನ್ ಡ್ರಿಫ್ಟ್ ಅಂತ ಒಂದು ಪುಸ್ತಕ ಬರೆದ. ಅದರ ವಿಷಯ ರೇಜರ್ ಅಲ್ಲ, ಬಿಸಿನೆಸ್ ಟಿಪ್ಸ್ ಕೂಡ ಅಲ್ಲ. ಕಂಪನಿ ಕಂಪನಿ ನಡುವಿನ ಪೈಪೋಟಿಯಿಂದಲೇ ಬಡತನ, ಅಪರಾಧ, ವ್ಯರ್ಥ ಖರ್ಚು ಎಲ್ಲ ಬರುತ್ತೆ ಅನ್ನೋದು ಅದರ ವಾದ. ಹಾಗಾಗಿ ಇಡೀ ದೇಶಕ್ಕೆ ಒಂದೇ ಕಂಪನಿ ಸಾಕು, ಅದಕ್ಕೆ ಜನರೇ ಮಾಲೀಕರು. ಬಹುಪಾಲು ಎಲ್ಲರೂ ನಯಾಗರಾ ಜಲಪಾತದ ಹತ್ತಿರ ಮೆಟ್ರೊಪೊಲಿಸ್ ಎಂಬ ಒಂದೇ ಮಹಾನಗರದಲ್ಲಿ ಇರಬೇಕು. ಕರೆಂಟ್ ಜಲಪಾತದಿಂದ. ಜನಸಂಖ್ಯೆ ಎಷ್ಟು? ಸುಮಾರು 6 ಕೋಟಿ, ಅಂದ್ರೆ ಆಗಿನ ಅಮೆರಿಕದ ಹೆಚ್ಚುಕಡಿಮೆ ಎಲ್ಲ ಜನ. ಬೀದಿ ಹೇಗಿರಬೇಕು, ಬಹುಮಹಡಿ ಕಟ್ಟಡ ಹೇಗಿರಬೇಕು ಅಂತ ನಕ್ಷೆ ಸಮೇತ ಕೊಟ್ಟಿದ್ದ. ಓದಿದವರು ಕಡಿಮೆ, ಒಪ್ಪಿದವರು ಇನ್ನೂ ಕಡಿಮೆ. ಆದ್ರೆ ಅವನ ಮಟ್ಟಿಗೆ ಇದೇ ಅವನ ಜೀವನದ ಕೆಲಸ.

ಮರುವರ್ಷ, 1895ರಲ್ಲಿ, ರೇಜರ್ ಐಡಿಯಾ ಬಂತು. ಆಗ ಅವನು ಬೋಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಇದ್ದ, ವಯಸ್ಸು 40.

ಆ ಕಾಲದಲ್ಲಿ ಶೇವಿಂಗ್ ಅಂದ್ರೆ ಏನು ಅಂತ ಸ್ವಲ್ಪ ನೋಡೋಣ. ಮಡಚುವ ಉದ್ದ ಕತ್ತಿ. ಪ್ರತಿ ಸಲ ಗಡ್ಡ ತೆಗೆಯೋ ಮೊದಲು ಅದನ್ನು ಚರ್ಮದ ಪಟ್ಟಿಗೆ ಹಿಂದೆ ಮುಂದೆ ತಿಕ್ಕಬೇಕು. ಸ್ವಲ್ಪ ದಿನಕ್ಕೆ ಆ ಪಟ್ಟಿಯಿಂದಲೂ ಆಗಲ್ಲ, ಸಾಣೆ ಹಿಡಿಸೋಕೆ ಕೊಡಬೇಕು. ಕೈ ಸ್ವಲ್ಪ ಜಾರಿದ್ರೆ ಗಾಯ. ಅದಕ್ಕೇ ತುಂಬ ಜನ ಕ್ಷೌರದ ಅಂಗಡಿಗೇ ಹೋಗ್ತಿದ್ರು. ಅಂಚಿಗೆ ರಕ್ಷಣೆ ಇರುವ ಸೇಫ್ಟಿ ರೇಜರ್ ಕೂಡ ಆಗಲೇ ಇತ್ತು. ನ್ಯೂಯಾರ್ಕ್‌ನ ಕ್ಯಾಂಪ್‌ಫೆ ಸಹೋದರರು 1880ರಲ್ಲೇ ಅಂಥದ್ದಕ್ಕೆ ಪೇಟೆಂಟ್ ಪಡೆದಿದ್ರು. ಆದರೆ ಅದರ ಬ್ಲೇಡ್ ದಪ್ಪ, ದುಬಾರಿ, ಅದನ್ನೂ ಮಸೀತಾನೇ ಇರಬೇಕಿತ್ತು. ಆದ್ದರಿಂದ ಸೇಫ್ಟಿ ರೇಜರ್ ಕಂಡುಹಿಡಿದವನು ಜಿಲೆಟ್ ಅನ್ನೋದು ಸರಿಯಲ್ಲ. ಅವನು ತೆಗೆದುಹಾಕಿದ್ದು ಮಸೆಯೋ ಕೆಲಸವನ್ನ.

ಒಂದು ದಿನ ಬೆಳಿಗ್ಗೆ ಶೇವ್ ಮಾಡೋಕೆ ನಿಂತಾಗ ಕತ್ತಿ ಮೊಂಡಾಗಿತ್ತು, ಪಟ್ಟಿಗೆ ತಿಕ್ಕಿದರೂ ಪ್ರಯೋಜನ ಇಲ್ಲ. ಆಗ ಅವನಿಗೆ ಹೊಳೆದದ್ದು ಇಷ್ಟು: ಕೂದಲು ಕತ್ತರಿಸೋದು ಬರೀ ಅಂಚು ಮಾತ್ರ. ಹಿಂದೆ ಇರೋ ಇಷ್ಟು ದಪ್ಪ ಉಕ್ಕು ಇರೋದು ಆ ಅಂಚನ್ನು ಹಿಡಿದುಕೊಳ್ಳೋಕೆ. ಹಾಗಾದ್ರೆ ಬರೀ ತೆಳ್ಳಗಿನ ಹಾಳೆಗೆ ಎರಡೂ ಕಡೆ ಅಂಚು ಕೊಟ್ಟು, ಹಿಡಿದುಕೊಳ್ಳೋ ಕೆಲಸ ಹಿಡಿಕೆಗೆ ಬಿಟ್ಟರೆ? ಮೊಂಡಾದರೆ ಹಾಳೆ ಬಿಸಾಕು, ಹಿಡಿಕೆ ಇಟ್ಕೋ.

ನಮ್ಮ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಕ್ಲಾಸಿನ ದೃಷ್ಟಿಯಿಂದ ನೋಡಿದ್ರೆ ಇದು ಚೆನ್ನಾಗಿದೆ. ಒಂದು ಕಾಗದ ನೇರ ಹಿಡಿದರೆ ಜೋತು ಬೀಳುತ್ತೆ, ಸ್ವಲ್ಪ ಬಾಗಿಸಿ ಹಿಡಿದರೆ ಗಟ್ಟಿ ನಿಲ್ಲುತ್ತೆ. ಜಿಲೆಟ್ ರೇಜರ್‌ನಲ್ಲೂ ಅದೇ. ಮೇಲಿನ ಮುಚ್ಚಳ ಬಿಗಿ ಮಾಡಿದಾಗ ಬ್ಲೇಡ್ ಬಾಗಿ ಗಟ್ಟಿಯಾಗುತ್ತೆ. ಮನೆಯಲ್ಲಿ ಆ ಥರ ರೇಜರ್ ಇದ್ರೆ ಒಮ್ಮೆ ಬಿಚ್ಚಿ ನೋಡಿ.

ಆದರೆ ಐಡಿಯಾ ಒಂದು, ಬ್ಲೇಡ್ ಇನ್ನೊಂದು. ಹಾಳೆಯ ದಪ್ಪ ಸುಮಾರು 0.15 ಮಿಲಿಮೀಟರ್. ಉಕ್ಕಿಗೆ ಗಡಸುತನ ಬರಬೇಕು ಅಂದ್ರೆ ಕೆಂಪಗೆ ಕಾಯಿಸಿ ಥಟ್ ಅಂತ ತಣಿಸಬೇಕು, ಆಮೇಲೆ ಪೆಡಸು ಕಡಿಮೆಯಾಗೋಕೆ ಮತ್ತೆ ಹದವಾಗಿ ಬಿಸಿ ಮಾಡಬೇಕು. ಇಷ್ಟು ತೆಳು ಹಾಳೆಗೆ ಹಾಗೆ ಮಾಡಿದರೆ ಹಪ್ಪಳದ ಥರ ಸೊಟ್ಟ ಆಗುತ್ತೆ. ಅದರ ಮೇಲೆ ಅಂಚು ಮಸೆಯೋದು ಎಲ್ಲಿಂದ? ಜಿಲೆಟ್ ಕೇಳಿದ ತಜ್ಞರು, ಅದರಲ್ಲಿ ಎಂಐಟಿಯವರೂ ಸೇರಿ, ಇದು ಆಗೋ ಕೆಲಸ ಅಲ್ಲ ಅಂದ್ರು. ಅವನಿಗೆ ಲೋಹಶಾಸ್ತ್ರ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಬಹುಶಃ ಅಲ್ಲೇ ಬಿಡ್ತಿದ್ದ. ಗೊತ್ತಿಲ್ಲದ್ದರಿಂದ ಆರು ವರ್ಷ ಬಿಡಲಿಲ್ಲ.

ಕೊನೆಗೆ ಸಿಕ್ಕಿದ್ದು ವಿಲಿಯಂ ಎಮೆರಿ ನಿಕರ್ಸನ್. ವಿಚಿತ್ರ ಅಂದ್ರೆ ಅವರೂ 1876ರಲ್ಲಿ ಅದೇ ಎಂಐಟಿಯಲ್ಲಿ ಓದಿ ಬಂದವರು. ಮೊದಲು ಅವರೂ ಅನುಮಾನಪಟ್ಟರು. ಆಮೇಲೆ ಕೂತು ಯೋಚಿಸಿ ಒಪ್ಪಿಕೊಂಡರು. ಹಾಳೆಯನ್ನು ಹದ ಮಾಡುವ ವಿಧಾನ, ಸಾವಿರಾರು ಬ್ಲೇಡ್ ಒಂದೇ ಥರ ಮಸೆಯುವ ಯಂತ್ರ, ಹಿಡಿಕೆಯ ವಿನ್ಯಾಸದ ಸುಧಾರಣೆ, ಇದೆಲ್ಲ ನಿಕರ್ಸನ್ ಕೆಲಸ. 1901ರಲ್ಲಿ ಕಂಪನಿ ಶುರುವಾಯಿತು, 1902ರಲ್ಲಿ ಅದಕ್ಕೆ ಜಿಲೆಟ್ ಹೆಸರು ಬಂತು. ನಿಕರ್ಸನ್ ಹೆಸರು ಯಾಕೆ ಇಡಲಿಲ್ಲ ಅನ್ನೋದಕ್ಕೆ ಒಂದು ಕಥೆ ಹೇಳ್ತಾರೆ: ಇಂಗ್ಲಿಷಲ್ಲಿ ನಿಕ್ ಅಂದ್ರೆ ಸಣ್ಣ ಗಾಯ, ಗಾಯ ಅನ್ನೋ ಹೆಸರಿನ ರೇಜರ್ ಯಾರು ಕೊಳ್ತಾರೆ? ನಮ್ಮೂರಲ್ಲಂತೂ ಆ ಹೆಸರು ಬೇರೆ ಕಾರಣಕ್ಕೇ ಓಡ್ತಿರಲಿಲ್ಲ ಬಿಡಿ.

1903ರಲ್ಲಿ ಮಾರಾಟ ಶುರು. ಇಡೀ ವರ್ಷಕ್ಕೆ ಹೋದದ್ದು 51 ರೇಜರ್, 168 ಬ್ಲೇಡ್. ನಮ್ಮ ಕಾಲೇಜು ಫೆಸ್ಟ್‌ನ ಸ್ಟಾಲ್‌ನಲ್ಲೇ ಇದಕ್ಕಿಂತ ಜಾಸ್ತಿ ಸಾಮಾನು ಖರ್ಚಾಗುತ್ತೆ. ಜಿಲೆಟ್ ಇನ್ನೂ ಮುಚ್ಚಳದ ಕಂಪನಿ ಕೆಲಸ ಬಿಟ್ಟಿರಲಿಲ್ಲ. ಆದರೆ 1904ರಲ್ಲಿ ಮಾರಾಟವಾದ ರೇಜರ್ 90,000 ದಾಟಿತು. ಅದೇ ವರ್ಷ ನವೆಂಬರ್ 15ಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಪ್ರತಿ ಬ್ಲೇಡಿನ ಕವರ್ ಮೇಲೆ ಅವನದೇ ಫೋಟೋ, ಅವನದೇ ಸಹಿ. ತಮಾಷೆ ಏನಂದ್ರೆ ಆ ಮುಖದಲ್ಲಿ ದಪ್ಪ ಮೀಸೆ ಇತ್ತು. ಜಗತ್ತಿಗೆಲ್ಲ ಶೇವಿಂಗ್ ಕಲಿಸಿದವನು ಮೀಸೆ ಮಾತ್ರ ಬಿಟ್ಟುಕೊಡಲಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಸರಿ ಮಾಡಬೇಕು. ಸ್ಟಾರ್ಟಪ್ ಬಗ್ಗೆ ಮಾತಾಡೋರೆಲ್ಲ ಜಿಲೆಟ್ ರೇಜರನ್ನು ಪುಕ್ಕಟೆ ಕೊಟ್ಟು ಬ್ಲೇಡಲ್ಲಿ ದುಡ್ಡು ಮಾಡಿದ ಅಂತ ಹೇಳ್ತಾರೆ. ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಅನ್ನೋದಕ್ಕೂ ಅವನನ್ನೇ ತೋರಿಸ್ತಾರೆ. ಆದರೆ ಪೇಟೆಂಟ್ ಇದ್ದ ಕಾಲದಲ್ಲಿ ಅವನ ರೇಜರ್ ಬೆಲೆ 5 ಡಾಲರ್. ಆಗಿನ ಸಾಮಾನ್ಯ ಕೆಲಸಗಾರನ ವಾರದ ಸಂಬಳದಲ್ಲಿ ದೊಡ್ಡ ಪಾಲು ಅದು. 1921ರಲ್ಲಿ ಪೇಟೆಂಟ್ ಮುಗಿದು ಬೇರೆಯವರೂ ಅದೇ ಥರ ಮಾಡಬಹುದು ಅಂತಾದಾಗಲೇ ಕಂಪನಿ ಹಳೇ ಮಾಡೆಲ್ಲಿನ ಬೆಲೆಯನ್ನು 1 ಡಾಲರ್‌ಗೆ ಇಳಿಸಿದ್ದು. ಅಂದ್ರೆ ಬೆಲೆ ಇಳಿಸಿದ್ದು ಪೈಪೋಟಿ. ಯಾವ ಪೈಪೋಟಿ ಕೆಟ್ಟದ್ದು ಅಂತ ಅವನು ಪುಸ್ತಕ ಬರೆದಿದ್ದನೋ ಅದೇ.

ಮೊದಲ ಮಹಾಯುದ್ಧ ಕಂಪನಿಗೆ ಇನ್ನೊಂದು ದಾರಿ ತೆರೆಯಿತು. ಯುದ್ಧದಲ್ಲಿ ವಿಷಾನಿಲ ಬಳಸ್ತಿದ್ರು. ಗ್ಯಾಸ್ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಬೇಕಾದ್ರೆ ಗಡ್ಡ ಇರಬಾರದು. 1918ರಲ್ಲಿ ಅಮೆರಿಕ ಸರ್ಕಾರ ಸೈನಿಕರಿಗೆ ಅಂತ 35 ಲಕ್ಷ ರೇಜರ್, 3 ಕೋಟಿಗೂ ಹೆಚ್ಚು ಬ್ಲೇಡ್ ತರಿಸಿತು. ಯುದ್ಧ ಮುಗಿಸಿ ಮನೆಗೆ ಬಂದ ಹುಡುಗರು ದಿನಾ ಬೆಳಿಗ್ಗೆ ತಾವೇ ಶೇವ್ ಮಾಡಿಕೊಳ್ಳೋ ಅಭ್ಯಾಸವನ್ನೂ ಜೊತೆಗೆ ತಂದರು.

ಇಷ್ಟರಲ್ಲಿ ಜಿಲೆಟ್ ಎಲ್ಲಿದ್ದ? ಕಂಪನಿಯ ಒಳಗೆ ಅಷ್ಟಾಗಿ ಇರಲಿಲ್ಲ. ಆರಂಭದಲ್ಲಿ ದುಡ್ಡು ಹಾಕಿದ್ದ ಜಾನ್ ಜಾಯ್ಸ್ ಎಂಬ ಬೋಸ್ಟನ್ ಉದ್ಯಮಿಯ ಜೊತೆ ಹಿಡಿತಕ್ಕಾಗಿ ಜಗ್ಗಾಟ ನಡೆದು, ಕೊನೆಗೆ ಜಿಲೆಟ್ ತನ್ನ ಹೆಚ್ಚಿನ ಷೇರುಗಳನ್ನು ಅವರಿಗೇ ಮಾರಿದ. ಹೆಸರು, ಫೋಟೋ, ಹುದ್ದೆ ಉಳಿದವು, ಅಧಿಕಾರ ಹೋಯಿತು. ಕೈಗೆ ಬಂದ ದುಡ್ಡು, ಸಮಯ ಎರಡನ್ನೂ ಅವನು ಹಳೇ ಕನಸಿಗೆ ಹಾಕಿದ. 1910ರಲ್ಲಿ ವರ್ಲ್ಡ್ ಕಾರ್ಪೊರೇಷನ್ ಅಂತ ಯೋಜನೆ ಮಾಡಿ, ಅದರ ಅಧ್ಯಕ್ಷರಾಗಿ ಬನ್ನಿ, 10 ಲಕ್ಷ ಡಾಲರ್ ಸಂಬಳ ಕೊಡ್ತೀನಿ ಅಂತ ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರನ್ನೇ ಕರೆದ. ಅವರು ಬರಲಿಲ್ಲ. 1924ರಲ್ಲಿ, ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ನೆರವಿನಿಂದ, ದ ಪೀಪಲ್ಸ್ ಕಾರ್ಪೊರೇಷನ್ ಅನ್ನೋ ಪುಸ್ತಕ ತಂದ. ಅದೇ ಕನಸು, ಮೂವತ್ತು ವರ್ಷ ಹಳೆಯದು. ಜನ ಅವನ ಬ್ಲೇಡ್ ಕೊಂಡರು, ಪುಸ್ತಕ ಕೊಳ್ಳಲಿಲ್ಲ.

ಕೊನೆಯ ವರ್ಷಗಳು ಕ್ಯಾಲಿಫೋರ್ನಿಯಾದಲ್ಲಿ. ಬೆಟ್ಟದ ನಡುವೆ ದೊಡ್ಡ ಬಂಗಲೆ, ಸುತ್ತ ಜಮೀನು. 1929ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು. ಮರುವರ್ಷ ಕಂಪನಿ ಆಟೋಸ್ಟ್ರಾಪ್ ಅನ್ನೋ ಎದುರಾಳಿ ಕಂಪನಿ ಜೊತೆ ವಿಲೀನ ಆಗಬೇಕಾಯಿತು. ಆಗ ಹಳೇ ಲೆಕ್ಕದಲ್ಲಿ ಲಾಭ ಜಾಸ್ತಿ ತೋರಿಸಿದ್ದು ಹೊರಬಂದು ಷೇರು ಬೆಲೆ ಇನ್ನೂ ಬಿತ್ತು. 1932ರ ಜುಲೈ 9ರಂದು, 77ನೇ ವಯಸ್ಸಿಗೆ ಜಿಲೆಟ್ ತೀರಿಕೊಂಡ. ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆ ಬಂಗಲೆ ಇದ್ದ ಜಾಗ ಈಗ ಅವನ ಹೆಸರಿನಲ್ಲೇ ಸಾರ್ವಜನಿಕ ಪಾರ್ಕ್. ಜನರೆಲ್ಲ ಹಂಚಿಕೊಳ್ಳುವ ಜಾಗ ಅಂತ ಅವನ ಕನಸಿನಲ್ಲಿ ನಿಜವಾದದ್ದು ಇದೊಂದೇ ಇರಬೇಕು.

ಅವನ ನಂತರ ಕಂಪನಿ ಬೆಳೆದದ್ದು ಬೇರೆ ಕಥೆ. ಅದರಲ್ಲಿ ನಮಗೆ ಸಂಬಂಧಪಟ್ಟ ಒಂದು ತುಂಡು ಇದೆ. 2002ರಲ್ಲಿ ಭಾರತಕ್ಕೆ ಅಂತಲೇ ಒಂದು ರೇಜರ್ ತರುವಾಗ, ಅದನ್ನು ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಲಿ ಪರೀಕ್ಷೆ ಮಾಡಿಸಿದರು. ಎಲ್ಲರೂ ಚೆನ್ನಾಗಿದೆ ಅಂದ್ರು. ಇಲ್ಲಿಗೆ ಬಂದ ಮೇಲೆ ಓಡಲಿಲ್ಲ. ಕಾರಣ? ಆ ವಿದ್ಯಾರ್ಥಿಗಳ ಹತ್ತಿರ ನಲ್ಲಿ ನೀರಿತ್ತು. ಇಲ್ಲಿ ಎಷ್ಟೋ ಜನ ಒಂದು ಮಗ್‌ನಲ್ಲಿ ನೀರಿಟ್ಟುಕೊಂಡು ರೇಜರ್ ಅದ್ದಿ ಅದ್ದಿ ಶೇವ್ ಮಾಡ್ತಾರೆ. ಹರಿಯೋ ನೀರಿಲ್ಲದೆ ಕೂದಲು ಬ್ಲೇಡ್ ನಡುವೆ ಸಿಕ್ಕಿಕೊಳ್ತಿತ್ತು. ಆಮೇಲೆ ಇಲ್ಲಿನ ಮನೆಗಳಿಗೇ ಬಂದು, ಕೂತು ನೋಡಿ, 2010ರಲ್ಲಿ ಒಂದೇ ಬ್ಲೇಡಿನ, ಸುಲಭವಾಗಿ ತೊಳೆಯಬಹುದಾದ ರೇಜರ್ ಮಾಡಿದರು. ರೇಜರ್‌ಗೆ 15 ರೂಪಾಯಿ, ಹೊಸ ಬ್ಲೇಡಿಗೆ 5 ರೂಪಾಯಿ. ಅದು ಓಡಿತು.

ಜಿಲೆಟ್ ಜೀವನ ಓದಿದ ಮೇಲೆ ನನಗೆ ಹೆಚ್ಚು ಕಾಡಿದ್ದು ಅವನಿಗಿಂತ ನಿಕರ್ಸನ್. ನಮ್ಮ ಮಿನಿ ಪ್ರಾಜೆಕ್ಟ್ ಟೀಮ್‌ಗಳಲ್ಲೂ ಹೀಗೇ ಅಲ್ವಾ? ಒಬ್ಬ ಐಡಿಯಾ ಕೊಡ್ತಾನೆ, ಪಿಪಿಟಿಯಲ್ಲಿ ಮುಂದೆ ನಿಲ್ತಾನೆ. ಇನ್ನೊಬ್ಬ ರಾತ್ರಿ ಎರಡು ಗಂಟೆವರೆಗೆ ಕೂತು ಸರ್ಕ್ಯೂಟ್ ಕೆಲಸ ಮಾಡೋ ಹಾಗೆ ಮಾಡ್ತಾನೆ. ಜಿಲೆಟ್ ಹಟ ಇಲ್ಲದಿದ್ರೆ ನಿಕರ್ಸನ್‌ಗೆ ಆ ಪ್ರಶ್ನೆಯೇ ಬರ್ತಿರಲಿಲ್ಲ ಅನ್ನೋದೂ ನಿಜ. ಆದರೆ ನಿಕರ್ಸನ್ ಇಲ್ಲದಿದ್ರೆ ಆ ಬ್ಲೇಡ್ ಕೂಡ ಮೆಟ್ರೊಪೊಲಿಸ್ ಪಕ್ಕದಲ್ಲೇ, ಕಾಗದದ ಮೇಲೇ ಉಳೀತಿತ್ತು. ಮೆಟ್ರೊಪೊಲಿಸ್‌ಗೆ ಒಬ್ಬ ನಿಕರ್ಸನ್ ಸಿಗಲಿಲ್ಲ, ಅಷ್ಟೇ. ಈ ಸೆಮಿಸ್ಟರ್ ರಿಪೋರ್ಟ್ ಬರೆಯುವಾಗ ನಿಮ್ಮ ಟೀಮಿನ ನಿಕರ್ಸನ್ ಹೆಸರನ್ನು ಮೊದಲನೇ ಪುಟದಲ್ಲೇ ಹಾಕಿ.