ಮಾರ್ಕೆಟ್ ಕಟ್ಟಿಸಿದ ಸಾಹೇಬ

ಕಾಲೇಜಿನ ಟೂರ್‌ಗೆಂದು ಮುಂಬೈಗೆ ಹೋದಾಗ ನಾವು ಸಿವಿಲ್ ವಿಭಾಗದವರೆಲ್ಲ ಕ್ರಾಫರ್ಡ್ ಮಾರ್ಕೆಟ್ ಮುಂದೆ ಫೋಟೊ ತೆಗೆಸಿಕೊಂಡೆವು. 1869ರ ಕಟ್ಟಡವದು. ಈಗ ಅದಕ್ಕೆ ಮಹಾತ್ಮ ಜ್ಯೋತಿಬಾ ಫುಲೆ ಹೆಸರಿದ್ದರೂ ಜನರ ಬಾಯಲ್ಲಿ ಇರುವುದು ಹಳೆಯ ಹೆಸರೇ. ಊರಿಗೆ ಬಂದ ಮೇಲೆ ಆ ಕ್ರಾಫರ್ಡ್ ಯಾರೆಂದು ಹುಡುಕಿ ಓದಿದೆ.

ಆರ್ಥರ್ ಕ್ರಾಫರ್ಡ್ 1865ರಲ್ಲಿ ಬೊಂಬಾಯಿಯ ಮೊದಲ ಮುನಿಸಿಪಲ್ ಕಮಿಷನರ್ ಆದ. ಕೊಳಕು ತುಂಬಿದ್ದ ನಗರವನ್ನು ಸ್ವಚ್ಛ ಮಾಡಿಸಿದ. ಆದರೆ ಖರ್ಚಿಗೆ ಕಡಿವಾಣ ಇರಲಿಲ್ಲ. ಜನರ ವಿರೋಧ ಹೆಚ್ಚಿ 1871ರಲ್ಲಿ ಹುದ್ದೆ ಬಿಡಬೇಕಾಯಿತು. ಸ್ವಂತ ಸಾಲವೂ ಬೆಳೆದಿತ್ತು. ಮುಂದೆ ಪುಣೆಯಲ್ಲಿ ವಿಭಾಗದ ಕಮಿಷನರ್ ಆಗಿದ್ದಾಗ, ಮಾಮಲೇದಾರರ ಬಡ್ತಿ, ವರ್ಗಾವಣೆಗೆ ಮಧ್ಯವರ್ತಿ ಹಣಮಂತರಾವ್ ಮೂಲಕ ಲಂಚ ಪಡೆದ ಆರೋಪ ಬಂತು.

1888ರಲ್ಲಿ ಅವನನ್ನು ಅಮಾನತು ಮಾಡಿ, ಸರ್ಕಾರಿ ನೌಕರರ ವಿಚಾರಣೆಗೆಂದೇ ಇದ್ದ 1850ರ ಕಾಯ್ದೆಯಡಿ ಆಯೋಗ ನೇಮಿಸಿದರು. ಲಂಚ ಕೊಟ್ಟವರು ನಿಜ ಹೇಳಿದರೆ ರಕ್ಷಣೆ ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತು. ಅನೇಕ ಮಾಮಲೇದಾರರು ನಂಬಿ ಸಾಕ್ಷಿ ಹೇಳಿದರು.

ಲಂಚದ ಆರೋಪಗಳಿಂದ ಆಯೋಗ ಕ್ರಾಫರ್ಡ್‌ನನ್ನು ಬಿಡುಗಡೆ ಮಾಡಿತು. ಕೈಕೆಳಗಿನವರಿಂದ ಸಾಲ ಪಡೆದದ್ದು ಮಾತ್ರ ಸಾಬೀತಾಯಿತು. ನಿಯಮದಲ್ಲಿ ಅದೂ ತಪ್ಪೇ. ಕೆಲಸ ಹೋಯಿತು, ಜೈಲಾಗಲಿಲ್ಲ. ಜೈಲಿಗೆ ಹೋದದ್ದು ಹಣಮಂತರಾವ್. ಲಂಚ ಕೊಟ್ಟವರು ಅಧಿಕಾರದಲ್ಲಿ ಇರಬಾರದೆಂದು ಗದ್ದಲವೆದ್ದಾಗ ಕೊಟ್ಟ ಮಾತು ಪೂರ್ತಿ ಉಳಿಯಲಿಲ್ಲ, ಕೆಲವು ಮಾಮಲೇದಾರರು ಕೆಲಸ ಕಳೆದುಕೊಂಡರು. ಅವರ ಪರ ನಿಂತು ಹೋರಾಡಿದವರಲ್ಲಿ ತರುಣ ತಿಲಕರೂ ಇದ್ದರು. ಕ್ರಾಫರ್ಡ್ ಇಂಗ್ಲೆಂಡಿಗೆ ಮರಳಿ, ನೆನಪುಗಳ ಪುಸ್ತಕ ಬರೆದು, 1911ರಲ್ಲಿ ತೀರಿಕೊಂಡ.

ಇದನ್ನು ಓದಿದ ದಿನಗಳಲ್ಲೇ ನಮ್ಮೂರಿನವರೊಬ್ಬರು ಮನೆಗೆ ಬಂದು, ಬಿಇ ಮುಗಿದ ಕೂಡಲೇ ನನಗೆ ಸರ್ಕಾರಿ ಕೆಲಸ ಕೊಡಿಸುತ್ತೇನೆ, ದುಡ್ಡು ಹೊಂದಿಸಿ ಎಂದರು. ಅಪ್ಪ ಎರಡು ಎಕರೆ ಹೊಲ ಮಾರುವ ಲೆಕ್ಕ ಹಾಕತೊಡಗಿದರು. ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಮಾಮಲೇದಾರರ ಕಥೆ ಹೇಳಿದೆ. ದೊಡ್ಡವರಿಗೆ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ, ದುಡ್ಡು ಕೊಟ್ಟ ನಮ್ಮಂಥವರಿಗೆ ಇರುವುದಿಲ್ಲ ಎಂದೆ.

ಅಪ್ಪ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಹೊಲದ ಪತ್ರ ಮತ್ತೆ ಟ್ರಂಕಿನೊಳಗೆ ಸೇರಿತ್ತು. ಇನ್ನು ಪರೀಕ್ಷೆ ಪಾಸಾಗುವ ಹೊಣೆ ನನ್ನದು.