ಕಾಡಿನ ಪರ ನಿಂತ ಜಾನಕಿ ಅಮ್ಮಾಳ್

ಮಕ್ಕಳೇ, ಕಾಸರಗೋಡಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಪಯ್ಯನ್ನೂರು, ಕಣ್ಣೂರು ದಾಟಿದ ಮೇಲೆ ತಲಶ್ಶೇರಿ ಸಿಗುತ್ತದೆ. ಈ ಊರಿನಲ್ಲಿ 1897ರ ನವೆಂಬರ್ 4ರಂದು ಒಬ್ಬ ಹೆಣ್ಣುಮಗಳು ಹುಟ್ಟಿದಳು. ಮುಂದೆ ಆಕೆ ಜಗತ್ತೇ ಗೌರವಿಸುವ ಸಸ್ಯವಿಜ್ಞಾನಿಯಾದಳು. ಅವರೇ ಇ. ಕೆ. ಜಾನಕಿ ಅಮ್ಮಾಳ್.

ಜಾನಕಿಯ ತಂದೆ ಕೃಷ್ಣನ್ ನ್ಯಾಯಾಧೀಶರಾಗಿದ್ದರು. ಅವರಿಗೆ ಗಿಡಮರಗಳೆಂದರೆ, ಹಕ್ಕಿಗಳೆಂದರೆ ಬಹಳ ಪ್ರೀತಿ. ಮನೆಯ ಸುತ್ತ ಚೆಂದದ ತೋಟ ಬೆಳೆಸಿದ್ದರು. ತಂದೆಯ ಈ ಪ್ರೀತಿ ಮಗಳಿಗೂ ಬಂತು.

ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಬೇಗನೆ ಮದುವೆ ಮಾಡುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರೇ ಕಡಿಮೆ. ಆದರೆ ಜಾನಕಿ ಓದನ್ನೇ ಆರಿಸಿಕೊಂಡರು. ಮದರಾಸಿನಲ್ಲಿ ಸಸ್ಯಶಾಸ್ತ್ರ ಕಲಿತರು. ಬಳಿಕ ವಿದ್ಯಾರ್ಥಿವೇತನ ಪಡೆದು, ಹಡಗು ಹತ್ತಿ ಅಮೇರಿಕಕ್ಕೆ ಹೋದರು. ಅಲ್ಲಿನ ಮಿಶಿಗನ್ ವಿಶ್ವವಿದ್ಯಾಲಯ 1931ರಲ್ಲಿ ಅವರಿಗೆ ಡಾಕ್ಟರ್ ಪದವಿ ನೀಡಿತು.

ಊರಿಗೆ ಮರಳಿದ ಜಾನಕಿ ತಿರುವನಂತಪುರದಲ್ಲಿ ಅಧ್ಯಾಪಕಿಯಾದರು. 1934ರಲ್ಲಿ ಕೊಯಮತ್ತೂರಿನ ಕಬ್ಬಿನ ಸಂಶೋಧನಾ ಕೇಂದ್ರವನ್ನು ಸೇರಿದರು. ಕಬ್ಬು ಕೂಡ ಒಂದು ಬಗೆಯ ಹುಲ್ಲು ಎಂಬುದು ನಿಮಗೆ ಗೊತ್ತೇ? ಜಾನಕಿ ಕಬ್ಬನ್ನು ಬೇರೆ ಹುಲ್ಲುಗಳ ಜೊತೆಗೆ, ಮೆಕ್ಕೆಜೋಳದ ಜೊತೆಗೂ ಕೂಡಿಸಿ ಹೊಸ ತಳಿಗಳನ್ನು ಪಡೆದರು. ಗಿಡದ ಜೀವಕೋಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ಇವುಗಳಿಗೆ ವರ್ಣತಂತುಗಳು ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳನ್ನು ಎಣಿಸುವುದರಲ್ಲಿ ಜಾನಕಿ ನಿಪುಣರು. ಆದರೂ ಹೆಣ್ಣೆಂಬ ಕಾರಣಕ್ಕೆ, ಜಾತಿಯ ಕಾರಣಕ್ಕೆ ಅವರು ಕಷ್ಟ ಅನುಭವಿಸಬೇಕಾಯಿತು. ಅವರು ಕೆಲಸವನ್ನು ಮಾತ್ರ ಬಿಡಲಿಲ್ಲ.

1940ರಲ್ಲಿ ಅವರು ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ರಾತ್ರಿ ಬಾಂಬು ಬೀಳುವಾಗ ಜಾನಕಿ ಮಂಚದ ಕೆಳಗೆ ಅಡಗುತ್ತಿದ್ದರು. ಬೆಳಗಾದರೆ ಒಡೆದ ಗಾಜಿನ ಚೂರುಗಳನ್ನು ಗುಡಿಸಿ, ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. 1945ರಲ್ಲಿ ಡಾರ್ಲಿಂಗ್ಟನ್ ಎಂಬ ವಿಜ್ಞಾನಿಯ ಜೊತೆ ಸೇರಿ, ಬೆಳೆಗಿಡಗಳ ವರ್ಣತಂತುಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಹೊರತಂದರು. ಬಳಿಕ ವಿಸ್ಲಿ ಎಂಬಲ್ಲಿನ ಪ್ರಸಿದ್ಧ ಉದ್ಯಾನದಲ್ಲಿ ದುಡಿದರು. ಬಿಳಿ ಹೂ ಬಿಡುವ ಒಂದು ಮ್ಯಾಗ್ನೋಲಿಯಾ ತಳಿಗೆ ಅವರದೇ ಹೆಸರನ್ನು ಇಡಲಾಗಿದೆ.

ಭಾರತಕ್ಕೆ ಸ್ವಾತಂತ್ರ್ಯ ಬಂದಿತ್ತು. ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಸ್ವದೇಶಕ್ಕೆ ಕರೆದರು. ದೇಶದ ಗಿಡಮರಗಳನ್ನು ಗುರುತಿಸಿ ದಾಖಲಿಸುವ ಭಾರತೀಯ ಸಸ್ಯ ಸರ್ವೇಕ್ಷಣೆ ಎಂಬ ಸಂಸ್ಥೆಯನ್ನು ಮರುಸಂಘಟಿಸುವ ಹೊಣೆ ಅವರಿಗೆ ಬಂತು. ಅವರು ಕಾಡುಮೇಡು ಸುತ್ತಿದರು. ಒಮ್ಮೆ ಒಂದು ಅಪರೂಪದ ಮ್ಯಾಗ್ನೋಲಿಯಾ ಮರವನ್ನು ಹುಡುಕಿಕೊಂಡು ಶಿಲ್ಲಾಂಗಿನಿಂದ 37 ಮೈಲು ದೂರ ಹೋದರು. ಆ ಭಾಗದಲ್ಲಿ ಆ ಜಾತಿಯ ಮರ ಅದೊಂದೇ ಇತ್ತು. ಹೋಗಿ ನೋಡಿದರೆ ಅದು ಸುಟ್ಟುಹೋಗಿತ್ತು! ಕಾಡು ಹೀಗೆ ಅಳಿಯುತ್ತಿರುವುದನ್ನು ಕಂಡು ಅವರು ಬಹಳ ನೊಂದರು.

ಪಾಲಕ್ಕಾಡ್ ಜಿಲ್ಲೆಯಲ್ಲಿ ಸೈಲೆಂಟ್ ವ್ಯಾಲಿ ಎಂಬ ದಟ್ಟವಾದ ಮಳೆಕಾಡಿದೆ. ಕುಂತಿಪ್ಪುಳ ನದಿ ಅದರ ನಡುವೆ ಹರಿಯುತ್ತದೆ. ಸಿಂಗಳೀಕಗಳಿಗೆ ಅದೇ ಮನೆ. ವಿದ್ಯುತ್ತಿಗಾಗಿ ಅಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಸಿದ್ಧವಾಯಿತು. ಕಟ್ಟಿದ್ದರೆ ಕಾಡಿನ ಒಂದು ಭಾಗ ನೀರಿನಲ್ಲಿ ಮುಳುಗುತ್ತಿತ್ತು. ವಿದ್ಯುತ್ತೂ ಬೇಕು, ಕಾಡೂ ಬೇಕು. ಯಾವುದನ್ನು ಉಳಿಸಬೇಕು? ರಾಜ್ಯದಲ್ಲೆಲ್ಲ ಚರ್ಚೆ ನಡೆಯಿತು. ಶಿಕ್ಷಕರು, ಕವಿಗಳು, ವಿಜ್ಞಾನಿಗಳು ಕಾಡಿನ ಪರ ನಿಂತರು. ಆಗ ಜಾನಕಿ ಅಮ್ಮಾಳ್ ಅವರಿಗೆ 80 ವರ್ಷ ದಾಟಿತ್ತು. ಅವರೂ ದನಿಗೂಡಿಸಿದರು. ಅಷ್ಟೇ ಅಲ್ಲ, ಆ ಕಾಡಿನ ಮರಗಳ ವರ್ಣತಂತುಗಳ ಅಧ್ಯಯನಕ್ಕೂ ಮುಂದಾದರು. ಒಮ್ಮೆ ಮುಳುಗಿದ ಕಾಡನ್ನು ಮತ್ತೆ ತರಲಾಗದೆಂದು ಅವರಿಗೆ ತಿಳಿದಿತ್ತು.

ಕೊನೆಗೆ ಸರಕಾರ ಅಣೆಕಟ್ಟಿನ ಯೋಜನೆಯನ್ನು ಕೈಬಿಟ್ಟಿತು. 1984ರ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಆ ಸಂತೋಷದಲ್ಲಿ ಪಾಲುಗೊಳ್ಳಲು ಜಾನಕಿ ಅಮ್ಮಾಳ್ ಇರಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಅವರು ತೀರಿಕೊಂಡಿದ್ದರು.

ಭಾರತ ಸರಕಾರ 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತ್ತು. ಆದರೂ ಅವರು ಸರಳವಾಗಿಯೇ ಬದುಕಿದರು.

ಮಕ್ಕಳೇ, ನೀವು ಶಾಲೆಗೆ ಬರುವ ದಾರಿಯಲ್ಲಿ ಹೆಸರು ಗೊತ್ತಿಲ್ಲದ ಗಿಡ ಎಷ್ಟಿವೆ? ಇಂದು ಮನೆಗೆ ಹೋಗುವಾಗ ಒಂದರ ಎಲೆಯನ್ನು ಚೆನ್ನಾಗಿ ನೋಡಿಕೊಳ್ಳಿ. ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ಅದರ ಹೆಸರು ತಿಳಿಯಿರಿ. ಹೆಸರು ತಿಳಿದ ಗಿಡವನ್ನು ಸುಮ್ಮನೆ ಕಿತ್ತುಹಾಕಲು ಯಾರಿಗೂ ಮನಸ್ಸು ಬಾರದು.