ಹೋಗಬೇಕಾ, ಬಹಿಷ್ಕರಿಸಬೇಕಾ? ಆರ್ಥರ್ ಆಶ್ ಮನಸ್ಸು ಬದಲಿಸಿದ ಕತೆ

2011ರ ಫೆಬ್ರವರಿ. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ. ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಕ್ರಿಕೆಟ್ ವರ್ಲ್ಡ್ ಕಪ್‌ನದೇ ಮಾತು. ಅದರ ನಡುವೆ ಪೇಪರಿನ ಕ್ರೀಡಾಪುಟದ ಮೂಲೆಯಲ್ಲೊಂದು ಚಿಕ್ಕ ಸುದ್ದಿ ಇತ್ತು. ಜೋಹಾನ್ಸ್‌ಬರ್ಗ್‌ನ ಸೌತ್ ಆಫ್ರಿಕಾ ಟೆನಿಸ್ ಓಪನ್ ಫೈನಲ್‌ನಲ್ಲಿ ನಮ್ಮ ಸೋಮದೇವ್ ದೇವವರ್ಮನ್ ಸೋತಿದ್ದರು. ಗೆದ್ದವರು ದಕ್ಷಿಣ ಆಫ್ರಿಕಾದವರೇ ಆದ ಕೆವಿನ್ ಆಂಡರ್ಸನ್. ಛೇ ಅಂದುಕೊಂಡು ಪುಟ ತಿರುಗಿಸಿದೆ. ಅಷ್ಟೇ.

ಆ ಟೂರ್ನಿ ಎಟಿಪಿ ಟೂರ್‌ನಲ್ಲಿ ನಡೆದದ್ದು ಅದೇ ಕೊನೆ. ಅದರ ಬೇರು 1891ರಷ್ಟು ಹಿಂದಕ್ಕೆ ಹೋಗುತ್ತೆ. ಪೋರ್ಟ್ ಎಲಿಜಬೆತ್‌ನಲ್ಲಿ ಶುರುವಾದ ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹೆಸರು ಬದಲಿಸುತ್ತಾ, ಮಧ್ಯೆ ಮಧ್ಯೆ ನಿಲ್ಲುತ್ತಾ ಅಲ್ಲಿಗೆ ಬಂದು ಮುಗಿದಿತ್ತು. ಅದರ ಕೊನೆಯ ಫೈನಲ್ ಆಡಿದವರು ಒಬ್ಬ ದಕ್ಷಿಣ ಆಫ್ರಿಕನ್, ಒಬ್ಬ ಭಾರತೀಯ. ಇದರಲ್ಲೇನು ವಿಶೇಷ ಅಂತ ನನಗೆ ಗೊತ್ತಾಗಿದ್ದು ಪತ್ರಕರ್ತನಾದ ಮೇಲೆ. ಆಟದ ಬಗ್ಗೆ ಬರೆದಾಗಲೆಲ್ಲ ಕ್ರೀಡೆಯಲ್ಲಿ ರಾಜಕೀಯ ತರಬೇಡ್ರಿ ಅಂತ ಬುದ್ಧಿ ಹೇಳುವವರು ಸಿಗ್ತಾರೆ. ಅವರಿಗೆ ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಆರ್ಥರ್ ಆಶ್.

ಆಶ್ ಹುಟ್ಟಿದ್ದು 1943ರ ಜುಲೈ 10ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ. ಅಪ್ಪ ಕರಿಯರಿಗೆ ಅಂತಲೇ ಇದ್ದ ಬ್ರೂಕ್ ಫೀಲ್ಡ್ ಎಂಬ ಪಾರ್ಕಿನ ಮೇಲ್ವಿಚಾರಕ. ಮನೆಯೂ ಪಾರ್ಕಿನೊಳಗೇ. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಮನೆ ಬಾಗಿಲಲ್ಲೇ ಟೆನಿಸ್ ಕೋರ್ಟ್ ಇದ್ದಿದ್ದು ಅದೃಷ್ಟ. ಆದರೆ ಊರಿನ ಒಳ್ಳೆಯ ಕೋರ್ಟ್‌ಗಳೆಲ್ಲ ಬಿಳಿಯರಿಗೆ ಮೀಸಲು. ತೆರಿಗೆ ಎಲ್ಲರದು, ಪಾರ್ಕು ಕೆಲವರದು. ಮಹಾಡ್‌ನ ಚವದಾರ್ ಕೆರೆಯ ಕತೆ ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗನ ಆಟ ತಿದ್ದಿದ್ದು ಡಾ. ರಾಬರ್ಟ್ ವಾಲ್ಟರ್ ಜಾನ್ಸನ್. ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಆಟಗಾರ್ತಿ ಆಲ್ಥಿಯಾ ಗಿಬ್ಸನ್‌ರನ್ನು ಬೆಳೆಸಿದ್ದೂ ಇವರೇ. ಟೆನಿಸ್ ಜೊತೆಗೆ ಅವರು ಇನ್ನೊಂದು ಪಾಠ ಕಲಿಸ್ತಿದ್ದರು. ಅಂಪೈರ್ ಜೊತೆ ವಾದ ಮಾಡಬಾರದು, ಸಿಟ್ಟು ತೋರಿಸಬಾರದು, ಗೆರೆಯಿಂದ ಸ್ವಲ್ಪ ಆಚೆ ಬಿದ್ದ ಬಾಲ್ ಅನ್ನೂ ಒಳಗೇ ಬಿದ್ದಿದೆ ಅಂತ ಆಡಬೇಕು. ಬಿಳಿಯರ ಟೂರ್ನಿಯಲ್ಲಿ ಕಪ್ಪು ಹುಡುಗನನ್ನು ಹೊರಹಾಕಲು ಒಂದು ನೆಪವೂ ಸಿಗಬಾರದು ಅನ್ನೋದು ಲೆಕ್ಕ. ಆಶ್ ಜೀವನಪೂರ್ತಿ ಮೆತ್ತಗೆ ಮಾತಾಡಿದ್ದರ ಹಿಂದೆ ಈ ತರಬೇತಿ ಇದೆ. ಮೆತ್ತಗಿದ್ದಿದ್ದು ದನಿ ಮಾತ್ರ ಅನ್ನೋದು ಮುಂದೆ ಗೊತ್ತಾಗುತ್ತೆ.

ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಓದು, 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕರಿಯ, ಆಮೇಲೆ ಸೇನೆಯಲ್ಲಿ ಲೆಫ್ಟಿನೆಂಟ್. ವೆಸ್ಟ್ ಪಾಯಿಂಟ್‌ನಲ್ಲಿ ಅವರ ಕೆಲಸ ಡೇಟಾ ಪ್ರೊಸೆಸಿಂಗ್ ವಿಭಾಗದಲ್ಲಿತ್ತು. ಇದನ್ನು ಓದಿದಾಗ ಇಂಜಿನಿಯರ್ ಆದ ನನಗೆ ಸಣ್ಣದೊಂದು ಖುಷಿ. 1968ರಲ್ಲಿ ಅಮೆರಿಕದ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದರು. ಕೆಲವೇ ದಿನಗಳಲ್ಲಿ ಮೊದಲ ಯುಎಸ್ ಓಪನ್ ಅನ್ನೂ ಗೆದ್ದರು. ಆಶ್ ಇನ್ನೂ ಅಮೆಚೂರ್ ಆಗಿದ್ದರಿಂದ ಸಿಕ್ಕಿದ್ದು ದಿನಕ್ಕೆ 20 ಡಾಲರ್ ಭತ್ಯೆ. ಸೋತ ಟಾಮ್ ಒಕ್ಕರ್‌ಗೆ 14,000 ಡಾಲರ್.

ಈಗ ಚಾಂಪಿಯನ್ ಆಯ್ತಲ್ಲ, ಜಗತ್ತಿನ ಯಾವ ಟೂರ್ನಿಗಾದರೂ ಹೋಗಬಹುದು. ಒಂದನ್ನು ಬಿಟ್ಟು.

ದಕ್ಷಿಣ ಆಫ್ರಿಕಾದ ಚಾಂಪಿಯನ್‌ಷಿಪ್ ಆಗ ದೊಡ್ಡ ಟೂರ್ನಿಗಳಲ್ಲೊಂದು. ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್, ಒಳ್ಳೆಯ ದುಡ್ಡು, ದೊಡ್ಡ ಹೆಸರುಗಳು. ಆಶ್ ವೀಸಾಕ್ಕೆ ಅರ್ಜಿ ಹಾಕಿದರು. 1970ರ ಜನವರಿಯಲ್ಲಿ ವರ್ಣಭೇದದ ಸರ್ಕಾರ ಇಲ್ಲ ಅಂತು. ವಿವಾದ ಎಷ್ಟು ದೊಡ್ಡದಾಯ್ತು ಅಂದರೆ ಅದೇ ವರ್ಷ ದಕ್ಷಿಣ ಆಫ್ರಿಕಾ ಡೇವಿಸ್ ಕಪ್‌ನಿಂದ ಹೊರಬಿತ್ತು. ಆಶ್ ಬಿಡಲಿಲ್ಲ, ಮತ್ತೆ ಅರ್ಜಿ ಹಾಕಿದರು. ಕೊನೆಗೆ 1973ರಲ್ಲಿ ವೀಸಾ ಸಿಕ್ಕಿತು. ಅಷ್ಟು ಹೊತ್ತಿಗೆ ಜಗತ್ತಿನ ಮುಂದೆ ಮುಖ ತೊಳೆದುಕೊಳ್ಳುವ ಅಗತ್ಯ ಆ ಸರ್ಕಾರಕ್ಕೇ ಇತ್ತು.

ಆಶ್ ಷರತ್ತು ಹಾಕಿಯೇ ಹೋದರು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದು. ತನಗೆ ಎಲ್ಲಿ ಬೇಕಾದರೂ ಓಡಾಡುವ, ಏನು ಬೇಕಾದರೂ ಮಾತಾಡುವ ಸ್ವಾತಂತ್ರ್ಯ ಇರಬೇಕು. ತನ್ನನ್ನು ಗೌರವ ಬಿಳಿಯ ಅಂತ ಪರಿಗಣಿಸಬಾರದು. ಗೌರವ ಬಿಳಿಯ! ಅಲ್ಲಿನ ಕಾನೂನಿಗೆ ಬೇಕಾದಾಗ ಹೊರಗಿನವರಿಗೆ ಕೊಡ್ತಿದ್ದ ಬಿರುದು ಅದು. ಸರ್ಕಾರ ಒಪ್ಪಿತು. ಗ್ಯಾಲರಿಯಲ್ಲಿ ಮಾತ್ರ ಕೊಟ್ಟ ಮಾತು ಪೂರ್ತಿ ಜಾರಿಯಾಗಲಿಲ್ಲ. ಆಶ್ ಸಿಂಗಲ್ಸ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್‌ಗೆ ಸೋತರು. ಡಬಲ್ಸ್‌ನಲ್ಲಿ ಅದೇ ಒಕ್ಕರ್ ಜೊತೆ ಸೇರಿ ಗೆದ್ದರು.

ಸೊವೆಟೋಗೂ ಹೋದರು. ಅಲ್ಲಿ ಸಿಕ್ಕಿದ್ದು ಬರೀ ಹಾರ ತುರಾಯಿ ಅಲ್ಲ. ನೀವು ಬಂದು ಆಡಿದ್ದರಿಂದ ಈ ಸರ್ಕಾರಕ್ಕೆ ಒಳ್ಳೆಯ ಹೆಸರು ಬಂತೇ ಹೊರತು ನಮಗೇನು ಬಂತು ಅಂತ ಕೇಳಿದವರಿದ್ದರು.

ಇನ್ನೊಂದು ಕಡೆ, ಆಶ್ ಆಟ ನೋಡೋಕೆ ಅಲೆಕ್ಸಾಂಡ್ರಾದ ಕೊಳೆಗೇರಿಯಿಂದ ಒಬ್ಬ ಹುಡುಗ ಬಂದಿದ್ದ. ಮಾರ್ಕ್ ಮಥಬಾನೆ. ಬಿಳಿಯರ ಎದುರು ತಲೆ ತಗ್ಗಿಸದ ಕರಿಯನೊಬ್ಬನನ್ನು ಕಣ್ಣಾರೆ ಕಂಡಿದ್ದು ಅವನ ಬದುಕನ್ನೇ ತಿರುಗಿಸಿತು. 1978ರಲ್ಲಿ ಟೆನಿಸ್ ಸ್ಕಾಲರ್‌ಷಿಪ್ ಹಿಡಿದು ಅಮೆರಿಕಕ್ಕೆ ಹೋದ. ಮುಂದೆ ತನ್ನ ಬಾಲ್ಯದ ಬಗ್ಗೆ ಅವನು ಬರೆದ ಪುಸ್ತಕ ವರ್ಣಭೇದದ ಒಳಮುಖವನ್ನು ಜಗತ್ತಿಗೆ ತೋರಿಸಿತು. ಹಾಗಾದರೆ ಆಶ್ ಹೋಗಿದ್ದು ಸರಿಯೋ ತಪ್ಪೋ? ಇದು ಕೀಬೋರ್ಡ್ ಮುಂದೆ ಕೂತು ಒಂದು ಸಾಲಲ್ಲಿ ತೀರ್ಮಾನ ಕೊಡುವ ಪ್ರಶ್ನೆ ಅಲ್ಲ.

ಮರುವರ್ಷ ಇದೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂತು. 1974ರ ಡೇವಿಸ್ ಕಪ್. ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾವನ್ನು, ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು ಮಣಿಸಿ ಭಾರತ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ವಿಜಯ್ ಮತ್ತು ಆನಂದ್ ಅಮೃತರಾಜ್ ಒಳ್ಳೆಯ ಫಾರ್ಮ್‌ನಲ್ಲಿದ್ದರು, ಗೆಲ್ಲುವ ಅವಕಾಶ ನಿಜಕ್ಕೂ ಇತ್ತು. ಭಾರತ ಸರ್ಕಾರ ಆಡಬೇಡಿ ಅಂತು. ದಕ್ಷಿಣ ಆಫ್ರಿಕಾ ಒಂದೂ ಬಾಲ್ ಹೊಡೆಯದೆ ಕಪ್ ಎತ್ತಿಕೊಂಡು ಹೋಯಿತು. ಭಾರತ ಇವತ್ತಿನವರೆಗೂ ಡೇವಿಸ್ ಕಪ್ ಗೆದ್ದಿಲ್ಲ. ಬಹಿಷ್ಕಾರ ಅಂದರೆ ಇದು. ಯಾರದೋ ದುಡಿಮೆ, ಯಾರದೋ ಕನಸು ಅದಕ್ಕೆ ಬೆಲೆಯಾಗಿ ಹೋಗುತ್ತೆ. ಹ್ಯಾಷ್‌ಟ್ಯಾಗ್ ಹಾಕುವಾಗ ನಾವು ಇದನ್ನು ಮರೀತೀವಿ.

ಆಶ್ 1975ರಲ್ಲಿ ಅದೇ ಕಾನರ್ಸ್‌ರನ್ನು ಸೋಲಿಸಿ ವಿಂಬಲ್ಡನ್ ಗೆದ್ದರು. ಆದರೆ ಅವರ ಬದುಕಲ್ಲಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ. ದಕ್ಷಿಣ ಆಫ್ರಿಕಾಕ್ಕೆ ಮತ್ತೆ ಮತ್ತೆ ಹೋಗಿ ಬಂದು, ಸೊವೆಟೋದಲ್ಲಿ ಮಕ್ಕಳಿಗೆ ಟೆನಿಸ್ ಕೇಂದ್ರ ಕಟ್ಟಿಸಿದ ಮೇಲೂ, ಮಾತುಕತೆಯಿಂದ ಆ ವ್ಯವಸ್ಥೆ ಕರಗುತ್ತೆ ಅನ್ನೋ ತನ್ನ ನಂಬಿಕೆ ಸಾಲದು ಅಂತ ಅವರಿಗೆ ಅರಿವಾಯ್ತು. ಸೊವೆಟೋದಲ್ಲಿ ಎದ್ದಿದ್ದ ಪ್ರಶ್ನೆಯನ್ನು ಅವರು ಒಪ್ಪಿಕೊಂಡರು. 1983ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಸೇರಿ, ದಕ್ಷಿಣ ಆಫ್ರಿಕಾಕ್ಕೆ ಹೋಗಬೇಡಿ ಅಂತ ಕಲಾವಿದರಿಗೂ ಆಟಗಾರರಿಗೂ ಕರೆ ಕೊಡುವ ಸಂಘಟನೆ ಕಟ್ಟಿದರು. 1985ರ ಜನವರಿಯಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಎದುರು ಪ್ರತಿಭಟಿಸಿ ಬಂಧನಕ್ಕೊಳಗಾದರು. ಆಗವರು ಅಮೆರಿಕದ ಡೇವಿಸ್ ಕಪ್ ತಂಡದ ಕ್ಯಾಪ್ಟನ್. ನಮ್ಮಲ್ಲಿ ಆ ಸ್ಥಾನದಲ್ಲಿರುವ ಒಬ್ಬರನ್ನು ಊಹಿಸಿಕೊಳ್ಳಿ ನೋಡೋಣ.

ದೇಹ ಮಾತ್ರ ಕೈಕೊಟ್ಟಿತ್ತು. 1979ರಲ್ಲೇ ಹೃದಯಾಘಾತ, ಬೈಪಾಸ್. 1983ರಲ್ಲಿ ಎರಡನೇ ಸರ್ಜರಿ. ಆಗ ಕೊಟ್ಟ ರಕ್ತದಿಂದ ಎಚ್‌ಐವಿ ತಗುಲಿತು. 1988ರಲ್ಲಿ ಗೊತ್ತಾದ ವಿಷಯವನ್ನು ಮನೆಯವರು, ಆಪ್ತರ ನಡುವೆಯೇ ಇಟ್ಟುಕೊಂಡಿದ್ದರು. 1992ರಲ್ಲಿ ಪತ್ರಿಕೆಯೊಂದು ವಾಸನೆ ಹಿಡಿದು ಬಂದಾಗ ತಾವೇ ಹೇಳಬೇಕಾಯ್ತು. ಒಬ್ಬ ಪತ್ರಕರ್ತನಾಗಿ ನನಗೆ ನಾಚಿಕೆ ಎನಿಸುವ ಭಾಗ ಇದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಅಷ್ಟು ಕಾಯಿಲೆ ಇಟ್ಟುಕೊಂಡೇ, ಹೈಟಿ ನಿರಾಶ್ರಿತರ ಪರವಾಗಿ ಶ್ವೇತಭವನದ ಎದುರು ಪ್ರತಿಭಟನೆಗೆ ನಿಂತು ಮತ್ತೊಮ್ಮೆ ಬಂಧಿತರಾದರು. 1993ರ ಫೆಬ್ರವರಿ 6ರಂದು ತೀರಿಕೊಂಡರು. ವಯಸ್ಸು 49. ದಕ್ಷಿಣ ಆಫ್ರಿಕಾದಲ್ಲಿ ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆ ನಡೆದದ್ದು 1994ರ ಏಪ್ರಿಲ್‌ನಲ್ಲಿ.

ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂ ಎಂಬ ರಸ್ತೆಯ ತುಂಬ ಒಂದು ಕಾಲಕ್ಕೆ ಗುಲಾಮಗಿರಿ ಉಳಿಸಲು ಹೋರಾಡಿದ ಸೇನಾನಿಗಳ ಪ್ರತಿಮೆಗಳಿದ್ದವು. 1996ರಲ್ಲಿ ಅದೇ ಸಾಲಿನಲ್ಲಿ ಆಶ್ ಪ್ರತಿಮೆ ನಿಂತಿತು. 2020-21ರಲ್ಲಿ ಆ ಸೇನಾನಿಗಳನ್ನೆಲ್ಲ ಇಳಿಸಿದರು. ಆಶ್ ಅಲ್ಲೇ ಇದ್ದಾರೆ.

ನಮ್ಮ ಚರ್ಚೆಗಳಲ್ಲಿ ಮನಸ್ಸು ಬದಲಿಸಿದವರಿಗೆ ಮರ್ಯಾದೆ ಕಮ್ಮಿ. ಹಳೇ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು ಹೀಯಾಳಿಸ್ತೀವಿ. ನಾನೂ ಮಾಡಿದ್ದೀನಿ. ಆಶ್ ಮಾತ್ರ ಹೋಗಿ ನೋಡಿದರು, ಬೈಸಿಕೊಂಡರು, ಬೈದವರ ಮಾತಲ್ಲಿದ್ದ ಸತ್ಯವನ್ನು ಒಪ್ಪಿಕೊಂಡರು, ಆಮೇಲೆ ಬೀದಿಗಿಳಿದರು. 2011ರಲ್ಲಿ ಸೋಮದೇವ್ ಜೋಹಾನ್ಸ್‌ಬರ್ಗ್‌ನಲ್ಲಿ ಯಾವ ಷರತ್ತೂ ಇಲ್ಲದೆ, ಯಾರ ಗೌರವ ಬಿಳಿಯನೂ ಆಗದೆ ಆಡಿದರು, ಸೋತರು. ಅಂಥ ಮಾಮೂಲಿ ಸೋಲು ಸಾಧ್ಯವಾಗುವುದಕ್ಕೆ ಆಡಲು ಹೋದವರೂ, ಆಡದೇ ಕಪ್ ಬಿಟ್ಟುಕೊಟ್ಟವರೂ ಬೇಕಾಗಿದ್ದರು. ಆ ಪುಟವನ್ನು ಅವತ್ತು ಅಷ್ಟು ಬೇಗ ತಿರುಗಿಸಬಾರದಿತ್ತು.